ಏಳನೆಯ ಪುಸ್ತಕದ ಕರಡು

ಅಚ್ಚುಕೂಟದಲ್ಲಿ ಅವಳಿಗೆ ಓದುವಮ್ಮ ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಕೆಲಸ: ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು. ಎದುರಿಗೆ ಕೂತ, ಕರಡು ತಿದ್ದುವ ಮೇಷ್ಟ್ರು ಅಚ್ಚಿನ ಕರಡಿನ ಮೇಲೆ ಕಣ್ಣಾಡಿಸುತ್ತಾರೆ. ತಪ್ಪು ಕಂಡರೆ ಮೇಜು ತಟ್ಟುತ್ತಾರೆ. ಅವಳು ನಿಲ್ಲಿಸಿ ಆ ಸಾಲು ಮತ್ತೆ ಓದಬೇಕು. ಭಾವ ಹಾಕಿ ಮಾತ್ರ ಓದಕೂಡದು. ಕೇಳುವವರ ಕಿವಿ ಕತೆಗೆ ಅಂಟಿತೆಂದರೆ ಕಣ್ಣು ಕೆಲಸ ಮರೆಯುತ್ತದೆ. ಹಾಗಾಗಿ ರಾಜಕುಮಾರ ಸತ್ತರೂ ಒಂದೇ ರಾಗ, ಸೋಪಿನ ಜಾಹೀರಾತು ಬಂದರೂ ಅದೇ ರಾಗ. ಸಂಜೆ ಮನೆಗೆ ಹೋದರೆ ಮಗಳ ಜೊತೆ ನಾಲ್ಕು ಮಾತಾಡಲೂ ಗಂಟಲಲ್ಲಿ ಜೀವ ಉಳಿದಿರುತ್ತಿರಲಿಲ್ಲ.

ಮಕ್ಕಳು ಮರಿಯೆಲ್ಲ ಹುಚ್ಚೆದ್ದು ಓದಿದ ಮಾಟಗಾತಿಯ ಕತೆಯ ಆರು ಸಂಪುಟಗಳೂ ಇವರಿಬ್ಬರ ಕೈ ದಾಟಿಯೇ ಹೋಗಿದ್ದವು. ಏಳನೆಯದು ನಾಟಕವಾಗಿ ಬಂತು. ಅದರ ಕರಡು ನೋಡಿ ಮುಗಿದ ದಿನವೇ ಮೇಷ್ಟ್ರಿಗೆ ನಿವೃತ್ತಿ. ಒಂದು ತಪ್ಪನ್ನೂ ಬಿಡದ ಮನುಷ್ಯ ಎಂಬ ಹೆಸರು ಉಳಿಸಿಕೊಂಡೇ ಅವರು ಹೊರಡಬೇಕು ಎಂಬುದು ಅವಳ ಆಸೆ.

ಬರೀ ಮಾತೇ ತುಂಬಿದ ಪುಸ್ತಕ ಅವಳನ್ನು ಹಣ್ಣುಮಾಡಿತು. ಕಾದಂಬರಿಯಾದರೆ ಕಾಡು, ಕೋಟೆಯ ವರ್ಣನೆ ಎಂದು ನಡುವೆ ಉಸಿರಾಡಲು ಜಾಗ ಸಿಗುತ್ತಿತ್ತು. ಕೊನೆಯ ಅಂಕದಲ್ಲಿ ಮುದಿ ಮಾಟಗಾತಿ ತನ್ನ ಹಳೆಯ ಸೇವಕನನ್ನು ಬೀಳ್ಕೊಡುತ್ತಾಳೆ. "ನೀನು ಮುಂದೆ ನಡಿ, ಇನ್ನು ನನ್ನ ಕೈಲಾಗೋದಿಲ್ಲ" ಎಂಬಲ್ಲಿ ಓದುವಮ್ಮನ ದನಿ ಒಡೆಯಿತು. ದಣಿವು ಮಾಟಗಾತಿಯದೋ ತನ್ನದೋ ತಿಳಿಯದಾಯಿತು. ಸಾವರಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಎರಡು ಪುಟ ಹಾಗೆಯೇ ಓದಿಬಿಟ್ಟಳು. ಮೇಷ್ಟ್ರು ತಲೆ ಎತ್ತಲಿಲ್ಲ, ಮೇಜೂ ತಟ್ಟಲಿಲ್ಲ.

ಪುಸ್ತಕ ಹೊರಬಂದ ವಾರದಲ್ಲೇ ಅಚ್ಚುಕೂಟದ ಯಜಮಾನರು ಅವಳನ್ನು ಕರೆಸಿದರು. ಅವಳ ದನಿ ಒಡೆದ ಪುಟದಲ್ಲೇ ಇಡೀ ಒಂದು ಸಾಲು ಎರಡು ಸಲ ಅಚ್ಚಾಗಿತ್ತು. ಇಬ್ಬರೂ ಕೂತು ಕತ್ತೆ ಕಾಯುತ್ತಿದ್ದಿರಾ ಎಂದು ಕೂಗಾಡಿದರು. ಓದುವಾಗ ತಾನೇ ಎಡವಿದೆ ಎಂದು ಅವಳು ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹಾಕಿಕೊಂಡಳು. ಆಮೇಲೆ ಕಾಲೆಳೆದುಕೊಂಡು ಮೇಷ್ಟ್ರ ಮನೆಗೆ ಹೋದಳು. ಇದು ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ.

"ನಾನು ಅಳುದನಿ ತೆಗೆದುಬಿಟ್ಟೆ ಮೇಷ್ಟ್ರೇ. ಅದಕ್ಕೇ ನಿಮಗೆ ತಪ್ಪು ಕಾಣ್ಲಿಲ್ಲ" ಎಂದಳು.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಕಾಣ್ದೆ ಏನಮ್ಮ, ಕಂಡಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವತ್ತೊಂದಿನ ನನಗೆ ಕತೆ ಕೇಳಿಸ್ತು. ಮೇಜು ತಟ್ಟಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ."