ಅಡೆಗಲ್ಲಿನ ಐವತ್ತೆರಡು ಗೆರೆ

1981ರ ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ, ಪೀಣ್ಯದ ನಮ್ಮ ಹಳೆಯ ಕುಲುಮೆಯಲ್ಲಿ, ಕಬ್ಬಿಣ ಬಡಿಯುವ ಅಡೆಗಲ್ಲನ್ನು ಹುಣಸೆ ಕೊರಡಿನಿಂದ ಕೆಳಗಿಳಿಸಲಾಯಿತು. ಅಪ್ಪ, ದೊಡ್ಡಪ್ಪ, ನಾನು ಮೂವರೂ ಹಿಡಿದೆವು.

ಕುಲುಮೆ ನಿಂತು ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಪೂಜೆ ಮಾತ್ರ ತಪ್ಪಿರಲಿಲ್ಲ. ಜಾಗವನ್ನು ಲೇತ್ ಶೆಡ್ಡಿಗೆ ಬಾಡಿಗೆಗೆ ಕೊಡಲಿದ್ದ ದೊಡ್ಡಪ್ಪ, ಅಡೆಗಲ್ಲನ್ನು ಗುಜರಿಗೆ ಹಾಕುವುದಾಗಿ ಹೇಳಿ ಟೆಂಪೋ ಗೊತ್ತು ಮಾಡಿದ್ದರು. ಅಜ್ಜಿ ಒಪ್ಪಲಿಲ್ಲ. ಅದು ಮದುವೆಯಲ್ಲಿ ತನ್ನ ಅಪ್ಪ ಗಾಡಿಗೆ ಹೇರಿ ಕಳಿಸಿದ್ದು, ಬೊಮ್ಮನಹಳ್ಳಿಯಲ್ಲಿ ಗಂಡನೊಂದಿಗೆ ಕುಲುಮೆ ನಡೆಸುತ್ತಿದ್ದ ಮಗಳಿಗೆ ಸೇರಬೇಕು ಎಂದರು. ಮದುವೆಯಾದ ಮೇಲೆ ತಮ್ಮಪ್ಪ ದುಡಿದು ಕೊಂಡದ್ದು ಎಂಬುದು ದೊಡ್ಡಪ್ಪನ ವಾದ. ಮದುವೆಯ ವರ್ಷದ ಬಗ್ಗೆ ತಕರಾರಿರಲಿಲ್ಲ. ಅಜ್ಜಿಯ ತವರಿನವರು ಮದುವೆಗೆ ಕೊಟ್ಟ ತಾಮ್ರದ ಕೊಡದ ಮೇಲೆ 1925 ಎಂದು ಕೊರೆಸಿತ್ತು.

ಅಪ್ಪ ಸೀಮೆಎಣ್ಣೆ ಹಾಕಿ ಉಜ್ಜಿದರು. ಅರಿಶಿನ, ಕುಂಕುಮ, ಮಸಿ ಪದರ ಪದರವಾಗಿ ಕಿತ್ತು ಬಂದವು. ಮಗ್ಗುಲಲ್ಲಿ ಇಂಗ್ಲೆಂಡ್ ಎಂಬ ಇಂಗ್ಲಿಷ್ ಅಕ್ಷರ ಎದ್ದಿತು. ಅದರ ಕೆಳಗೆ 1, 2, 14.

"ತಾರೀಕು! ಹದಿನಾಲ್ಕನೇ ಇಸವಿ!" ಎಂದು ಕೂಗಿದೆ.

"ತಾರೀಕಲ್ಲ, ತೂಕ," ಎಂದರು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ. "ಹಂಡ್ರೆಡ್‌ವೇಟು, ಕ್ವಾರ್ಟರು, ಪೌಂಡು. ಬಿಳಿಯರ ಲೆಕ್ಕ."

"ನಮ್ಮಪ್ಪ ಬಿಳೀರ ದಂಡಿನ ಅರಾಜಲ್ಲಿ ತಂದಿದ್ದು ಅಂತ ಯೋಳ್ಲಿಲ್ವಾ?" ಎಂದರು ಅಜ್ಜಿ.

"ದಂಡಿಗೆ ನಮ್ಮಪ್ಪನೂವೆ ಓಗ್ತಿದ್ದ ಕಣವ್ವ," ಎಂದರು ದೊಡ್ಡಪ್ಪ.

ಅಡೆಗಲ್ಲಿನ ಪಾದದ ಅಂಚು ಉಜ್ಜಿದಾಗ ಉಳಿಯ ಗೆರೆಗಳು ಒಂದೊಂದಾಗಿ ಕಂಡವು. ಪ್ರತಿ ಆಯುಧಪೂಜೆಗೆ ಅಡೆಗಲ್ಲಿಗೆ ಒಂದು ಗೆರೆ ಹೊಡೆಯುವುದು ನಮ್ಮ ಮನೆಯ ಪದ್ಧತಿ. ಯಾರೂ ಎಣಿಸಿರಲಿಲ್ಲ. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ನಾನು ಎರಡು ಸಲ ಎಣಿಸಿದೆ. ಎಲ್ಲರೂ ಬಗ್ಗಿ ನಿಂತಿದ್ದರು. 1925ರಿಂದ ಹೊಡೆದಿದ್ದರೆ ಐವತ್ತಾರು ಇರಬೇಕಿತ್ತು. ಇದ್ದದ್ದು ಐವತ್ತೆರಡು.

ದೊಡ್ಡಪ್ಪ ತೊಡೆ ತಟ್ಟಿದರು. "ಇಪ್ಪತ್ತೊಂಬತ್ತನೇ ಇಸವಿ! ನೀನು ಬಂದು ನಾಕು ವರ್ಷಕ್ಕೆ. ಕಬ್ಣ ಸುಳ್ಳು ಯೋಳಾಕಿಲ್ಲ ಕಣವ್ವ."

"ಕಬ್ಣ ಯೋಳಾಕಿಲ್ಲ, ನಿನ್ ಲೆಕ್ಕ ಯೋಳ್ತದೆ. ಸಾವಾದ ವರ್ಷ ಅಬ್ಬ ಮಾಡ್ತೀವೇನ್ಲಾ?" ಅಜ್ಜಿ ಬೆರಳು ಮಡಿಸಿದರು. "ನಿಮ್ ತಾತ. ನಿಮ್ಮಜ್ಜಿ. ನಿಮ್ಮಪ್ಪ."

"ಮೂರೇ ಆಯ್ತು!"

"ನಿನಗಿಂತ ಮುಂಚೆ ಒಬ್ಬ ಇದ್ದ. ಏಳು ವರ್ಷಕ್ಕೆ ತೀರ್ಕಂಡ. ನೀನಾಗ ತೊಟ್ಟಿಲಲ್ಲಿದ್ದೆ."

ಅಪ್ಪನಿಗೂ ದೊಡ್ಡಪ್ಪನಿಗೂ ಅದು ಗೊತ್ತಿರಲಿಲ್ಲ. ಮಧ್ಯಾಹ್ನ ಟೆಂಪೋ ಬಂದಾಗ ದೊಡ್ಡಪ್ಪ ಅದನ್ನು ಬೊಮ್ಮನಹಳ್ಳಿಗೆ ಕಳಿಸಿದರು. ಮರುದಿನ ಅಲ್ಲಿ ಅತ್ತೆಯ ಗಂಡ ಐವತ್ತಮೂರನೆಯ ಗೆರೆ ಹೊಡೆದರು.

ಅಜ್ಜಿ 1985ರ ಬೇಸಿಗೆಯಲ್ಲಿ ತೀರಿಕೊಂಡರು. ಮದುವೆಯಾಗಿ ಹೋದ ಮಗಳ ಮನೆಯಲ್ಲಿ ವರ್ಷವಿಡೀ ಹಬ್ಬ ನಿಲ್ಲಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಆದರೂ ಅತ್ತೆ ಆ ವರ್ಷ ಗೆರೆ ಹೊಡೆಸಲಿಲ್ಲ. 1988ರ ಆಯುಧಪೂಜೆಯಂದು ಬಿದ್ದದ್ದು ಅರವತ್ತನೆಯದಲ್ಲ, ಐವತ್ತೊಂಬತ್ತನೆಯದು.