ಹೆಸರಿನ ಮೇಲೆ ಕೂತ ಕಾಗೆ

ಮೊನ್ನೆ ಭಾನುವಾರ ಲಟ್ಟಣಿಗೆ ಹುಡುಕುತ್ತ ಅಡುಗೆಮನೆಯ ಕೆಳಗಿನ ಡ್ರಾಯರನ್ನು ಪೂರ್ತಿ ಖಾಲಿ ಮಾಡಿದೆ. ಲಟ್ಟಣಿಗೆ ಸಿಗಲಿಲ್ಲ, ಸಿಕ್ಕಿದ್ದು ಒಂದು ಮರದ ಚಮಚ. ಹಿಡಿ ಕಪ್ಪಗಾಗಿದೆ, ಬೆನ್ನು ಉಜ್ಜಿ ಉಜ್ಜಿ ನುಣ್ಣಗಾಗಿದೆ. ಮೂಗಿನ ಹತ್ತಿರ ತಂದರೆ ಈಗಲೂ ಅಗಸೆ ಎಣ್ಣೆಯ ವಾಸನೆ. ಅಡುಗೆಗೆ ಬಾರದ ಈ ಚಮಚವನ್ನು ನಾನು ಮನೆ ಬದಲಿಸಿದಾಗಲೂ ಎಸೆಯಲಿಲ್ಲ. ಯಾಕೆಂದು ಹೇಳಬೇಕಾದರೆ ನಿಮಗೆ ಒಬ್ಬ ಕಲಾವಿದೆಯ ಪರಿಚಯ ಮಾಡಿಕೊಡಬೇಕು. ಆದರೆ ಅವರ ಹೆಸರು ಹೇಳುವಂತಿಲ್ಲ. ಇಪ್ಪತ್ತು ವರ್ಷ ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬಂದವಳಿಗೆ ಇದು ಸುಲಭದ ಕೆಲಸವಲ್ಲ.

ನಮ್ಮ ಮುಖ್ಯ ಉಪಸಂಪಾದಕರು ವರದಿ ಓದಿ ಮುಗಿಸಿದ ಮೇಲೆ ಅದನ್ನು ಒಂದೇ ಬೆರಳಿನಿಂದ ಮೇಜಿನ ಈಚೆಗೆ ತಳ್ಳುತ್ತಿದ್ದರು. "ಹೆಸರಿಲ್ಲದ ಸುದ್ದಿ ಗಾಳಿಸುದ್ದಿ ಕಣಮ್ಮ. ಯಾರು? ಯಾವೂರು? ಅವರಮ್ಮನ ಹೆಸರೇನು?" ತಾಯಿಯ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತಿರಲಿಲ್ಲ. ಅದನ್ನು ಕೇಳುವಷ್ಟು ಹೊತ್ತು ಎದುರಿಗೆ ಕೂತಿದ್ದರೆ ಮಾತ್ರ ನಾವು ಆ ಮನುಷ್ಯರನ್ನು ನಿಜಕ್ಕೂ ನೋಡಿದ್ದೇವೆ ಎಂಬುದು ಅವರ ನಂಬಿಕೆ. ನನಗೂ ಅದು ಅಂಟಿಕೊಂಡಿತು. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರ ತಾಯಿಯ ಹೆಸರು ತಿಳಿಯದೆ ನಾನು ಪಾಯಸ ಮುಟ್ಟುವುದಿಲ್ಲ ಎಂದು ಮನೆಯವರು ಆಡಿಕೊಳ್ಳುತ್ತಾರೆ.

ನನ್ನ ಗಂಡನಿಗೆ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಸ್ವೀಡನ್ನಿಗೆ ಬಂದಾಗ, ನನಗೆ ಸಿಕ್ಕಿದ್ದು ಸ್ವೀಡಿಷ್ ತರಗತಿಯ ಎರಡನೇ ಬೆಂಚು. ಪಕ್ಕದಲ್ಲಿ ಬೆಲಾರೂಸಿನವರು, ಐವತ್ತರ ಆಸುಪಾಸಿನ, ಎತ್ತರದ ಹೆಂಗಸು. ನಿಮ್ಮ ಉದ್ಯೋಗವೇನು ಎಂದು ಟೀಚರ್ ಕೇಳಿದರೆ, ಗೊತ್ತಿದ್ದ ನಾಲ್ಕು ಪದಗಳನ್ನೇ ಜೋಡಿಸಿ, "ನಾನು ಹಕ್ಕಿ ಕೆತ್ತುತ್ತೇನೆ" ಎಂದರು. ನಮ್ಮಿಬ್ಬರ ಸ್ವೀಡಿಷ್ ಒಂದೇ ಮಟ್ಟದಲ್ಲಿ ಕೆಟ್ಟದಾಗಿದ್ದುದರಿಂದ ಮಾತು ಬೇಗ ಕುದುರಿತು. ಮುಂದೆ ನಾನು ಬರೆಯುವ ಅವರ ಮಾತೆಲ್ಲ ಆ ಹರಕು ಸ್ವೀಡಿಷಿನಲ್ಲಿ ಆಡಿದ್ದು.

ಮಿನ್ಸ್ಕ್ ನಗರದ ಕಲಾಶಾಲೆಯಲ್ಲಿ ಓದಿದವರು. ಇಪ್ಪತ್ತು ವರ್ಷ ಮಕ್ಕಳ ಪುಸ್ತಕಗಳಿಗೆ ಮೊಲ, ತೋಳ, ಅಜ್ಜಿ, ಅಣಬೆಗಳ ಚಿತ್ರ ಮಾಡಿದರು. ಲಿನೋಲಿಯಂ ಹಾಳೆಯ ಮೇಲೆ ಉಳಿಯಿಂದ ಕೆತ್ತಿ, ಶಾಯಿ ಸವರಿ, ಕಾಗದ ಇಟ್ಟು ಒತ್ತುವ ಚಿತ್ರಗಳು. ಆಮೇಲೆ ಚುನಾವಣೆಯ ಆ ವರ್ಷ ಬಂತು, ಜನ ಬೀದಿಗಿಳಿದರು. ಇವರು ಮಾಡಿದ್ದು ಒಂದೇ ಚಿತ್ರ: ಹಗ್ಗದ ಮೇಲೆ ಒಣಗಿಹಾಕಿದ ಮೂರು ಹಾಸಿಗೆ ಬಟ್ಟೆ. ಬಿಳಿ, ಕೆಂಪು, ಬಿಳಿ. ಅಲ್ಲಿನ ವಿರೋಧಿಗಳು ಹಿಡಿಯುವ ಹಳೆಯ ಬಾವುಟದ ಬಣ್ಣ ಅದು. ನೆರೆಹೊರೆಯವರು ಅದನ್ನು ತಮ್ಮ ತಮ್ಮ ಮೆಟ್ಟಿಲ ಗೋಡೆಗೆ ಅಂಟಿಸಿದರು. ಇವರನ್ನು ಹದಿನೈದು ದಿನ ಒಳಗಿಟ್ಟರು. ಹೊರಗೆ ಬಂದಾಗ ಅಂಗಡಿಗಳಲ್ಲಿ ಇವರ ಪುಸ್ತಕಗಳು ಇರಲಿಲ್ಲ. "ನಾನು ಮಾಡಿದ್ದು ಗೊತ್ತು. ಮೊಲ ಏನು ಮಾಡಿತ್ತು?" ಎಂದು ಕೇಳುತ್ತಿದ್ದರು. ದನಿ ಏರುತ್ತಿರಲಿಲ್ಲ.

ದೇಶ ಬಿಡುವಾಗ ಚೀಲದಲ್ಲಿ ಆರು ಉಳಿಗಳು, ತಾಯಿಯ ಅಡುಗೆಮನೆಯ ಒಂದು ಮರದ ಚಮಚ. ಮುದ್ರಣದ ಯಂತ್ರವನ್ನು ಹೊರುವುದಾದರೂ ಹೇಗೆ? ಹಾಗಾಗಿ ಇಲ್ಲಿ ಕಾಗದದ ಬೆನ್ನನ್ನು ಚಮಚದಿಂದ ಉಜ್ಜಿಯೇ ಅಚ್ಚು ತೆಗೆಯತೊಡಗಿದರು. ಎಸ್ಕಿಲ್‌ಸ್ಟುನಾದ ಒಂದು ಕಾರ್ಯಾಗಾರದಲ್ಲಿ ಯಂತ್ರ ಬಳಸಲು ಅವಕಾಶ ಸಿಕ್ಕ ಮೇಲೂ ಚಮಚ ಬಿಡಲಿಲ್ಲ. "ಯಂತ್ರ ಎಲ್ಲ ಕಡೆ ಒಂದೇ ಸಮ ಒತ್ತುತ್ತದೆ. ಎಲ್ಲಿ ಮೆತ್ತಗೆ ಒತ್ತಬೇಕು ಅನ್ನೋದು ಚಮಚಕ್ಕೆ ಗೊತ್ತು." ನಮ್ಮ ಕನ್ನಡ ಕೂಟದ ಮಕ್ಕಳಿಗೆ ಚಿತ್ರ ಹೇಳಿಕೊಡಲು ಬಂದಾಗ ಅವರು 'ಚಮಚದ ಆಂಟಿ' ಆದರು.

ಕೊಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ಅವರಿಗೆ ಕೊಟ್ಟ ನೆಲಮಾಳಿಗೆಯ ಕೋಣೆಯಲ್ಲಿ ನಮ್ಮ ಫೀಕಾ, ಸ್ವೀಡನ್ನಿನವರ ಚಹಾ ತಿಂಡಿಯ ಬಿಡುವು, ನಡೆಯುತ್ತಿತ್ತು. ಅವರದು ಹಾಲಿಲ್ಲದ ಚಹಾ, ನನ್ನದು ಕೋಡುಬಳೆ. ಮೊದಲ ಸಲ ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮಲ್ಲೂ ಬಳೆಯ ಹಾಗಿರೋ ತಿಂಡಿ ಇದೆ. ಅದಕ್ಕೆ ಇಷ್ಟೊಂದು ಕೋಪ ಇಲ್ಲ" ಎಂದರು. ಮತ್ತೆ ಮೂರು ತಿಂದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾತ್ರ ಯಾರನ್ನೂ ಸೇರಿಸುತ್ತಿರಲಿಲ್ಲ. ಅದು ಊರಲ್ಲಿ ಒಂಟಿಯಾಗಿದ್ದ ತಾಯಿಗೆ ಫೋನ್ ಮಾಡುವ ಹೊತ್ತು. ಬೇರೆಯವರೂ ಕೇಳಿಸಿಕೊಳ್ಳುತ್ತಿರಬಹುದು ಎಂಬ ಅನುಮಾನದಿಂದ ಇಬ್ಬರೂ ಉಪ್ಪಿನಲ್ಲಿ ಹಾಕಿಟ್ಟ ಸೌತೆಕಾಯಿಯ ವಿಷಯ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. "ನಮ್ಮಮ್ಮನ ಸೌತೆಕಾಯಿ ಹೇಗಿದೆ ಅಂತ ಸರಕಾರಕ್ಕೂ ಚೆನ್ನಾಗಿ ಗೊತ್ತು" ಎಂದು ನಗುತ್ತಿದ್ದರು.

ಇಷ್ಟೆಲ್ಲ ಕೇಳಿಸಿಕೊಂಡ ನಾನು ಮಾಡಿದ್ದೇನು ಗೊತ್ತೆ? ಕೂಟದ ರಾಜ್ಯೋತ್ಸವ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದೆ. ಬರೆಯುವುದಕ್ಕೆ ಅವರು ಒಪ್ಪಿದ್ದರು. ಮುಖದ ಫೋಟೋ ಬೇಡ, ಕೈ ಮತ್ತು ಚಮಚ ಸಾಕು ಎಂದಿದ್ದರು. ಅಷ್ಟು ಹೇಳಿದ್ದರೆ ಬೇರೆ ಯಾರಿಗಾದರೂ ಅರ್ಥವಾಗುತ್ತಿತ್ತು. ನಾನು ಅಭ್ಯಾಸಬಲದಿಂದ ಲೇಖನದ ಕೊನೆಗೆ ಒಂದು ಪರಿಚಯದ ಪೆಟ್ಟಿಗೆ ಹಾಕಿದೆ. ಪೂರ್ತಿ ಹೆಸರು, ಹುಟ್ಟಿದ ಊರು, ತಾಯಿಯ ಹೆಸರು. ಚಹಾ ಕುಡಿಯುತ್ತ ಗೆಳತಿಗೆ ಹೇಳಿದ್ದನ್ನು ನನ್ನೊಳಗಿನ ವರದಿಗಾರ್ತಿ ಬರೆದುಕೊಂಡಿದ್ದಳು.

ಕಾರ್ಯಕ್ರಮ ಶನಿವಾರ. ಗುರುವಾರ ಮಧ್ಯಾಹ್ನ ಅಚ್ಚಾಗಿ ಬಂದ ಪ್ರತಿಯನ್ನು ಹೆಮ್ಮೆಯಿಂದ ಅವರ ಕೈಗಿಟ್ಟೆ. ಅವರು ಫೋನನ್ನು ಪುಟದ ಮೇಲೆ ಹಿಡಿದರು. ನಮ್ಮ ಗುಂಡಗಿನ ಅಕ್ಷರಗಳೆಲ್ಲ ಪರದೆಯ ಮೇಲೆ ಅವರ ಭಾಷೆಯಾಗಿ ತಿರುಗಿಕೊಂಡವು. ಪೆಟ್ಟಿಗೆಯ ಹತ್ತಿರ ಕೈ ನಿಂತಿತು.

"ಇಲ್ಲಿ ಅಮ್ಮನ ಹೆಸರಿದೆ."

"ಇದು ಕನ್ನಡ. ಅಲ್ಲಿ ಯಾರು ಓದ್ತಾರೆ?" ಎಂದೆ. ಹೇಳುತ್ತಿದ್ದಂತೆ ನನ್ನ ಮಾತು ನನಗೇ ಕೇಳಿಸಿತು.

"ಅವರ ಹತ್ತಿರವೂ ಫೋನ್ ಇದೆ" ಎಂದರು. ಬಯ್ಯಲಿಲ್ಲ. ಚಹಾಕ್ಕೆ ನೀರಿಟ್ಟರು, ಒಲೆ ಹಚ್ಚುವುದನ್ನು ಮರೆತರು. ನಾಳೆ ಆ ಮುದುಕಿಯ ಬಾಗಿಲು ಯಾರಾದರೂ ತಟ್ಟಿದರೆ ಅದಕ್ಕೆ ನನ್ನ ನಾಲ್ಕು ಸಾಲು ಕಾರಣ.

ಕೂಟದ ಅಧ್ಯಕ್ಷ ನಾಗರಾಜ್ ಅವರಿಗೆ ಫೋನ್ ಮಾಡಿದೆ. ವೆಬ್‌ಸೈಟಿಗೆ ಇನ್ನೂ ಹಾಕಿರಲಿಲ್ಲ. ಅದಕ್ಕೆಂದು ಇಟ್ಟಿದ್ದ ಪ್ರತಿಯಿಂದ ಪೆಟ್ಟಿಗೆಯನ್ನು ಕೂಡಲೇ ತೆಗೆದರು. ಅಚ್ಚಾದ ಇನ್ನೂರು ಪ್ರತಿಗಳನ್ನು ಕಾರಿನಲ್ಲಿ ಹಾಕಿಕೊಂಡು ನೆಲಮಾಳಿಗೆಗೇ ಬಂದರು. ಜೊತೆಗೆ ಓರೆಬ್ರೂ ಆಸ್ಪತ್ರೆಯ ನರ್ಸ್ ಸುಮಾ, ಅಂದು ಅವಳಿಗೆ ರಜೆ.

"ಪೇಜೇ ಹರಿದುಬಿಡೋಣ" ಎಂದಳು ಸುಮಾ.

"ಅಯ್ಯೋ, ಹಿಂದ್ಗಡೆ ನನ್ನ ಅಧ್ಯಕ್ಷರ ನುಡಿ ಇದೆ ಕಣಮ್ಮ!"

"ಅದಕ್ಕೇ ಹೇಳಿದ್ದು ಸರ್."

ನಾಗರಾಜ್ ಜೇಬಿನಿಂದ ದಪ್ಪ ಮಾರ್ಕರ್ ತೆಗೆದರು. "ಸಿಂಪಲ್. ಬ್ಲ್ಯಾಕ್ ಲೈನ್ ಎಳೆದ್ರೆ ಆಯ್ತು." ಅದನ್ನು ನಾನು ಅನುವಾದಿಸಿದಾಗ ಚಮಚದ ಆಂಟಿ ತಲೆ ಅಲ್ಲಾಡಿಸಿದರು. "ಕಪ್ಪು ಪಟ್ಟಿ ಎಳೆಯೋದು ಅವರ ಕೆಲಸ. ನನ್ನ ಪುಟದ ಮೇಲೆ ಬೇಡ." ಪೆಟ್ಟಿಗೆಯ ಅಳತೆಗೆ ಲಿನೋಲಿಯಂ ತುಂಡೊಂದನ್ನು ಕತ್ತರಿಸಿ ಕೆತ್ತತೊಡಗಿದರು. ಅರ್ಧ ಗಂಟೆಯಲ್ಲಿ ರೆಕ್ಕೆ ಹರಡಿ ಕೂತ ಒಂದು ಕಾಗೆ ಮೂಡಿತು.

"ಕಾಗೆನಾ?" ನಾಗರಾಜ್ ಗಾಬರಿಯಾದರು. "ಮೇಡಂ, ರಾಜ್ಯೋತ್ಸವ ಸಂಚಿಕೆ. ಒಂದು ನವಿಲು ಮಾಡ್ಸಕ್ಕಾಗಲ್ವಾ?"

"ನವಿಲಿನ ಮೈಯೆಲ್ಲ ತೂತು ಸರ್, ಅಕ್ಷರ ಕಾಣತ್ತೆ" ಎಂದಳು ಸುಮಾ. "ಕಾಗೆ ಕೂಗಿದ್ರೆ ಮನೆಗೆ ನೆಂಟ್ರು ಬರ್ತಾರೆ ಅಂತ ನಮ್ಮಜ್ಜಿ ಹೇಳ್ತಿದ್ರು. ಒಳ್ಳೇದೇ ಬಿಡಿ."

ಇದನ್ನೂ ಅನುವಾದಿಸಿದೆ. ಅವರು ಅಂದು ಮೊದಲ ಸಲ ನಕ್ಕರು. "ಹಾಗಾದರೆ ಕೂಗಲಿ" ಎಂದು ಉಳಿಯನ್ನು ಮತ್ತೆ ಎತ್ತಿಕೊಂಡು, ಮುಚ್ಚಿದ್ದ ಕೊಕ್ಕಿನಲ್ಲಿ ಒಂದೇ ಗೀರು ಹಾಕಿ ಅದನ್ನು ತೆರೆದರು.

ಸಂಜೆಯೊಳಗೆ ಫೋನ್ ಮೇಲೆ ಫೋನ್ ಹೋಗಿ, ಎಂಟು ಹತ್ತು ಮನೆಯವರು ತಮ್ಮ ತಮ್ಮ ಮರದ ಚಮಚ ಹಿಡಿದು ಬಂದರು. ಶುಕ್ರವಾರವೂ ಬಂದರು. ನಾನು ಮನೆಯಿಂದ ತಂದಿದ್ದ ಚಮಚವೇ ಮೊನ್ನೆ ಡ್ರಾಯರಿನಲ್ಲಿ ಸಿಕ್ಕಿದ್ದು. ಒಬ್ಬರು ಶಾಯಿ ಸವರುವುದು, ಒಬ್ಬರು ಮೂಲೆಗೆ ಸರಿಯಾಗಿ ಪುಟ ಕೂರಿಸುವುದು, ಒಬ್ಬರು ಉಜ್ಜುವುದು, ಒಬ್ಬರು ನಡುವೆ ಬೇಕಿಂಗ್ ಕಾಗದ ಇಡುವುದು. ಉಜ್ಜಬೇಕಾದದ್ದು ಹಿಂಬದಿಯ ಅಧ್ಯಕ್ಷರ ನುಡಿಯ ಮೇಲೆ. ಅದನ್ನು ಜನ ಅಷ್ಟು ಶ್ರದ್ಧೆಯಿಂದ ಗಮನಿಸಿದ್ದು ಅದೇ ಮೊದಲು ಎಂದು ನಾಗರಾಜ್ ಅವರೇ ಹೇಳಿದರು. ಒಂದೊಂದು ಪ್ರತಿಯನ್ನೂ ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಕ್ಷರ ಓದಲು ಬಾರದಂತಾಗಿದೆ ಎಂದು ಒಬ್ಬ ಉಪಸಂಪಾದಕಿ ಸಂತೋಷಪಟ್ಟಿದ್ದು ಬಹುಶಃ ಅಂದು ಮಾತ್ರ. ಶಾಯಿ ಪೂರ್ತಿ ಒಣಗಿರಲಿಲ್ಲ. ಶನಿವಾರ ಕೆಲವು ಪ್ರತಿಗಳಲ್ಲಿ ಎದುರು ಪುಟದಲ್ಲಿದ್ದ ಬಿಸಿಬೇಳೆಬಾತ್ ಮಾಡುವ ವಿಧಾನದ ಮೇಲೂ ಒಂದು ಮಸುಕು ಕಾಗೆ ಕೂತಿತ್ತು.

ಮರುದಿನ ಭಾನುವಾರ ಹನ್ನೊಂದಕ್ಕೆ ಬರುವಂತೆ ಅವರೇ ನನ್ನನ್ನು ಕರೆದರು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಏಳನೆಯದೋ ಎಂಟನೆಯದೋ ರಿಂಗಿಗೆ ಆ ಕಡೆಯಿಂದ ಒಂದು ಮುದಿ ದನಿ ಬಂತು. ನನಗೆ ಆ ಭಾಷೆ ಬಾರದು. ಅವರು ನನ್ನ ಕಡೆ ತಿರುಗಿ, ಕೈಯಲ್ಲೇ ಸೌತೆಕಾಯಿಯ ಉದ್ದ ತೋರಿಸಿದರು. ನಾನು ಕುರ್ಚಿಯಲ್ಲಿ ಕೂತುಕೊಂಡೆ.

ಕಳೆದ ಬೇಸಿಗೆಯಲ್ಲಿ ಆ ತಾಯಿ ಬಂದರು. ಬಸ್ಸಿನಲ್ಲಿ ಗಡಿ ದಾಟಿ, ಹಡಗಿನಲ್ಲಿ ಸಮುದ್ರ ದಾಟಿ, ಒಂದು ಜಾಡಿ ಸೌತೆಕಾಯಿ ಸಮೇತ. ಬಂದವರೇ ಚಮಚದ ಸ್ಥಿತಿ ನೋಡಿ ಮಗಳಿಗೆ ಚೆನ್ನಾಗಿ ಬೈದರಂತೆ. ನಾನು ಸಂಚಿಕೆ ತೋರಿಸಿ, ಈ ಕಾಗೆಯ ಕೆಳಗಿರುವುದು ನಿಮ್ಮ ಹೆಸರು, ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಮಗಳು ಅದನ್ನು ತಿಳಿಸಿದರು. ಅವರು ಹೆಬ್ಬೆರಳಿನಿಂದ ರೆಕ್ಕೆಯನ್ನು ಸವರಿ ಏನೋ ಹೇಳಿದರು. "ಇಷ್ಟು ದಿನ ಇದರ ಕೆಳಗೆ ಕೂತಿದ್ದೆನಾ? ಅದಕ್ಕೇ ಬೆಚ್ಚಗಿತ್ತು ಅಂತಿದ್ದಾಳೆ" ಎಂದರು ಮಗಳು.

ಈಗ ಹೆಸರು ಬರೆಯಬಹುದೇ ಎಂದು ಕೇಳಿದೆ. ತಮ್ಮ ತಂಗಿ ಇನ್ನೂ ಅಲ್ಲೇ ಇದ್ದಾಳೆ ಎಂದರು ಚಮಚದ ಆಂಟಿ.

ಲಟ್ಟಣಿಗೆ ಇನ್ನೂ ಸಿಕ್ಕಿಲ್ಲ. ಚಮಚವನ್ನು ಮಾತ್ರ ಡ್ರಾಯರಿಗೆ ಮರಳಿಸಲಿಲ್ಲ. ಬರೆಯುವ ಮೇಜಿನ ಮೇಲೆ, ಪೆನ್ನುಗಳ ಲೋಟದಲ್ಲಿ ನಿಲ್ಲಿಸಿದ್ದೇನೆ. ಈ ಪ್ರಬಂಧ ಮುಗಿಸುವಾಗ ಹಳೆಯ ಬೆರಳೊಂದು ಹಾಳೆಯನ್ನು ಈಚೆಗೆ ತಳ್ಳಿದಂತಾಯಿತು. ಯಾರು? ಯಾವೂರು? ಅವರಮ್ಮನ ಹೆಸರೇನು?

ಗೊತ್ತಿದೆ ಸಾರ್. ಬರೆದಿಲ್ಲ.