ಡ್ರೈಯರ್‌ಗೆ ಬಿದ್ದ ಕಿಲ್ಟ್

ಗಂಡನ ಅಕ್ಕ ಫ್ಲೂಗರ್‌ವಿಲ್‌ನಿಂದ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ನಮ್ಮ ಮನೆಗೆ ಬಂದು ಉಳಿದಿದ್ದ ಆ ವಾರವನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಆಗ ನಾನು ಹ್ಯೂಸ್ಟನ್‌ನ ಒಂದು ಸ್ಕಾಟಿಷ್ ಬ್ಯಾಗ್‌ಪೈಪ್ ವಾದ್ಯತಂಡದಲ್ಲಿ ಡ್ರಮ್ ಬಾರಿಸುತ್ತಿದ್ದೆ. ಆಫೀಸಿನ ಗೆಳತಿಯೊಬ್ಬಳು ಸೇರಿಸಿದ್ದಳು. ತಂಡದ ಹೆಂಗಸರೆಲ್ಲ ತೊಡುತ್ತಿದ್ದುದು ಪಾದದವರೆಗೆ ಇಳಿಯುವ ಕಿಲ್ಟ್ ಎಂಬ ಟಾರ್ಟನ್ ಲಂಗ. ಕಡುಹಸಿರು, ನೀಲಿ ಚೌಕುಳಿಯ ಉಣ್ಣೆಬಟ್ಟೆ, ಹಿಂದುಗಡೆ ಒತ್ತೊತ್ತಾಗಿ ನೆರಿಗೆ. ಟೆಕ್ಸಾಸ್‌ನ ಸೆಕೆಯಲ್ಲಿ ಅದನ್ನುಟ್ಟರೆ ಬೆವರು ಕಾಲಿಗಿಳಿಯುತ್ತಿತ್ತು. ಆದರೂ ಹೆಜ್ಜೆ ಹಾಕುವಾಗ ನೆರಿಗೆಗಳೆಲ್ಲ ಒಟ್ಟಿಗೆ ತೂಗಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅದನ್ನು ನೀರಿಗೆ ಹಾಕುವಂತಿಲ್ಲ. ಉಟ್ಟು ಬಂದ ಮೇಲೆ ಗಾಳಿಗೆ ಹರವಿ, ಮೆತ್ತನೆಯ ಬ್ರಶ್‌ನಿಂದ ಧೂಳು ತೆಗೆದು, ಸೊಂಟಪಟ್ಟಿಗೆ ಕ್ಲಿಪ್ ಹಾಕಿ ನೇತುಹಾಕಬೇಕು. ಇಸ್ತ್ರಿಗೆ ಮುಂಚೆ ಒಂದೊಂದು ನೆರಿಗೆಯನ್ನೂ ಕಚ್ಚಾ ಹೊಲಿಗೆಯಿಂದ ಹಿಡಿದು, ಮೇಲೆ ಒದ್ದೆ ಬಟ್ಟೆ ಹಾಸಿ ಒತ್ತಬೇಕು. ಆ ಭಾನುವಾರ ನಾನು ಡೈನಿಂಗ್ ಟೇಬಲ್ ಮೇಲೆ ಇದನ್ನೆಲ್ಲ ಮಾಡುವಾಗ ಗಂಡನ ಅಕ್ಕ ಎದುರಿಗೇ ಕೂತು ಚಹಾ ಕುಡಿದಿದ್ದರು. ತೊಳೆದರೆ ಹಾಳಾಗುತ್ತದೆಂದು ನಾನೇ ಬಾಯಿಬಿಟ್ಟು ಹೇಳಿದ್ದೆ.

ಡಲ್ಲಾಸ್‌ನಲ್ಲಿ ಆ ಶನಿವಾರ ನಮ್ಮ ತಂಡದ ಮೆರವಣಿಗೆಯಿತ್ತು. ಹಿಂದಿನ ದಿನ ಆಫೀಸಿನಿಂದ ಬಂದರೆ ಮಗಳು ಬಾಗಿಲಲ್ಲೇ ಎದುರಾದಳು. "ಅಮ್ಮಾ, ಇಟ್ಸ್ ಸೋ ಸ್ಮಾಲ್ ನೌ!"

ಡ್ರೈಯರ್‌ನಿಂದ ತೆಗೆದ ಕಿಲ್ಟ್ ಸೋಫಾ ಮೇಲೆ ಬಿದ್ದಿತ್ತು. ಉಣ್ಣೆ ಮುದುಡಿ ಕಾಲೊರಸಿನಂತೆ ದಪ್ಪಗಾಗಿತ್ತು. ಸುತ್ತಿಕೊಂಡು ನೋಡಿದೆ, ಸೊಂಟದ ಬಕಲ್ ಸೇರಲೇ ಇಲ್ಲ.

"ಕಂಬಳಿ ವಾಸನಿ ಬರ್ತಿತ್ತು, ಅದಕ್ಕ ತೊಳದು ಹಾಕೇನಿ," ಎಂದರು ಅಕ್ಕ.

"ತೊಳೀಬಾರದು ಅಂತ ಹೇಳಿದ್ನಲ್ಲ? ನಿಮ್ಮ ರೇಷ್ಮೆ ಸೀರೇನೂ ಹೀಗೇ ಮೆಷಿನ್‌ಗೆ ಹಾಕ್ತೀರಾ?"

"ಅದು ಸೀರಿ. ಇದೇನ್ವಾ, ಯಾರೋ ಬ್ಯಾರೆ ಮಂದಿ ಲಂಗ. ಇದನ್ನ ಉಟ್ಕೊಂಡು ರಸ್ತೇದಾಗ ಕುಣಿಯೋದು ನಮಗ್ಯಾಕ ಬೇಕು?"

ಮರೆತು ಮಾಡಿದ್ದಲ್ಲ ಎಂದು ಆಗ ಗೊತ್ತಾಯಿತು. ಗಂಡ ಲ್ಯಾಪ್‌ಟಾಪ್‌ನಿಂದ ತಲೆಯೆತ್ತದೆ, "ಹೋಗ್ಲಿ ಬಿಡು, ಒಂದು ಸ್ಕರ್ಟ್ ಸಲುವಾಗಿ ಇಷ್ಟ್ಯಾಕ ಕೂಗಾಡ್ತಿ? ಬ್ಯಾರೆ ಆರ್ಡರ್ ಮಾಡೋಣು," ಎಂದರು. ಅಕ್ಕನ ಮೇಲೆ ಬಂದ ಸಿಟ್ಟಿಗಿಂತ ಆ ಮಾತಿಗೆ ಬಂದ ಸಿಟ್ಟು ಹೆಚ್ಚು.

ಬೆಳಿಗ್ಗೆ ಒಬ್ಬಳೇ ಡಲ್ಲಾಸ್‌ಗೆ ಡ್ರೈವ್ ಮಾಡಿದೆ. ತಂಡದ ಮುಖ್ಯಸ್ಥೆ ನನ್ನ ಕಪ್ಪು ಪ್ಯಾಂಟ್ ನೋಡಿ, ಸಮವಸ್ತ್ರವಿಲ್ಲದೆ ಸಾಲಿನಲ್ಲಿ ನಿಲ್ಲಿಸಲಾಗದು ಎಂದಳು. ಅವಳದೇನೂ ತಪ್ಪಿರಲಿಲ್ಲ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ತಾಳ ನನ್ನ ಮುಂದೆಯೇ ಹಾದುಹೋಯಿತು. ನಾನು ಫುಟ್‌ಪಾತ್ ಮೇಲೆ ಎಲ್ಲರ ನೀರಿನ ಬಾಟಲಿಗಳ ಚೀಲ ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ನನ್ನ ಕಣ್ಣೀರು ಕಂಡು, ಸಂಗೀತ ಅಷ್ಟು ಚೆನ್ನಾಗಿದೆಯಾ ಎಂದು ಕೇಳಿದಳು. ಹೌದೆಂದೆ.

ಸಂಜೆ ಮನೆಗೆ ಬಂದರೆ ಹೋಳಿಗೆಯ ಊಟ ನಡೆದಿತ್ತು. ನನಗೂ ತಟ್ಟೆ ಹಾಕಿದ್ದರು.

"ಇನ್ನು ಮೇಲೆ ನೀವು ನನ್ನ ಬಟ್ಟೆ ಮುಟ್ಟಬೇಡಿ, ನನ್ನ ಕೋಣೆಗೂ ಬರಬೇಡಿ," ಎಂದೆ ಅಕ್ಕನಿಗೆ, ಎಲ್ಲರೆದುರಿಗೇ.

ಮರುದಿನವೇ ಅವರು ಹೊರಟುಹೋದರು. ಲಂಗಕ್ಕಾಗಿ ತಮ್ಮನ ಹೆಂಡತಿ ಮನೆಯಿಂದ ಓಡಿಸಿದಳೆಂದು ನೆಂಟರಿಗೆಲ್ಲ ಹೇಳಿದರು. ಹೊಸ ಕಿಲ್ಟ್ ಬರುವಷ್ಟರಲ್ಲಿ ಆ ವರ್ಷದ ಮೆರವಣಿಗೆಗಳೇ ಮುಗಿದಿದ್ದವು. ಅಕ್ಕನಿಗೆ ಫೋನ್ ಮಾಡಿ ಸಾರಿ ಕೇಳೆಂದು ಗಂಡ ಆಮೇಲೂ ಹಲವು ಸಲ ಹೇಳಿದರು. ನಾನು ಕೇಳಲಿಲ್ಲ.